ಹಳೆ ದೋಣಿಯ ಸಂದು ತುಂಬುವ ಮೊದಲು

ಓದುಗರ ಪ್ರಶ್ನೆ, ತಜ್ಞರ ಉತ್ತರ

ಕಾಸರಗೋಡಿನ ಹೊಳೆಬದಿಯ ಊರುಗಳಿಂದ ಹಳೆಯ ಮರದ ದೋಣಿ ದುರಸ್ತಿಯ ಬಗ್ಗೆ ಬಂದ ಪ್ರಶ್ನೆಗಳಿಗೆ ಈ ಸಲದ ಉತ್ತರ.

ನಮ್ಮದು ಶಿರಿಯ ಹೊಳೆಯ ಕಡವಿನಲ್ಲಿ ಓಡಾಡುತ್ತಿದ್ದ 20 ಅಡಿಯ ಹಲಗೆ ದೋಣಿ, ಹೆಬ್ಬಲಸಿನದ್ದು. ರಿಪೇರಿ ಮಾಡಿಸೋಣವೆಂದು ಮಾರ್ಚ್‌ನಲ್ಲಿ ಹೊಳೆಯಿಂದ ಎತ್ತಿ ತಂದು, ಅಡಿಕೆ ಒಣಗಿಸುವ ಸೋಲಾರ್ ಗೂಡು ಖಾಲಿಯಿತ್ತೆಂದು ಅದರೊಳಗೆ ಇಟ್ಟೆವು. ಈಗ ಹಲಗೆಗಳ ನಡುವೆ ಎರಡು ನಾಣ್ಯ ಜೋಡಿಸಿ ತೂರಿಸುವಷ್ಟು ಸಂದು ಬಿಟ್ಟಿದೆ. ಎಂಸೀಲ್ ತುಂಬಿ ಪೈಂಟ್ ಹೊಡೆದರೆ ಸಾಕೇ? (ಕುಂಬಳೆ)

ಸಾಲದು. ಗಟ್ಟಿ ಪುಟ್ಟಿ ತುಂಬಿದರೆ ಈಗಿರುವುದಕ್ಕಿಂತ ದೊಡ್ಡ ತೊಂದರೆ ಬರುತ್ತದೆ. ಅದಕ್ಕೂ ಮೊದಲು ದೋಣಿಯನ್ನು ಆ ಗೂಡಿನಿಂದ ಇವತ್ತೇ ಹೊರಗೆ ತನ್ನಿ. ಅಡಿಕೆಯ ನೀರು ತೆಗೆಯಲೆಂದೇ ಕಟ್ಟಿದ ಗೂಡು ಅದು, ಮರದ ನೀರನ್ನೂ ಬಿಡುವುದಿಲ್ಲ.

ಹೊಳೆಯಲ್ಲಿ ನಿಂತ ದೋಣಿಯ ಹಲಗೆಯಲ್ಲಿ, ಒಣಮರದ ತೂಕಕ್ಕೆ ಹೋಲಿಸಿದರೆ, ಶೇ. 30ರಷ್ಟೋ ಅದಕ್ಕಿಂತ ಹೆಚ್ಚೋ ನೀರಿರುತ್ತದೆ. ಅದಕ್ಕಿಂತ ಕೆಳಗಿಳಿದಾಗಲೇ ಮರ ಕುಗ್ಗತೊಡಗುವುದು. ಉದ್ದಕ್ಕೆ ಕುಗ್ಗುವುದು ಲೆಕ್ಕಕ್ಕೇ ಇಲ್ಲ, ಹೋಗುವುದೆಲ್ಲ ಅಗಲದಲ್ಲಿ. ತೇವ ಶೇ. 1 ಇಳಿದರೆ ಅಗಲ ಸುಮಾರು ಶೇ. 0.2 ಕಡಿಮೆಯಾಗುತ್ತದೆ. ಹಲಗೆ 8 ಇಂಚು, ಅಂದರೆ 20 ಸೆಂ.ಮೀ. ಅಗಲದ್ದೆಂದು ಇಟ್ಟುಕೊಳ್ಳಿ. ತೇವ 30ರಿಂದ 10ಕ್ಕೆ ಇಳಿದರೆ 8 ಮಿ.ಮೀ. ಹೋಯಿತು. ನಿಮ್ಮ ಸಂದು ಹಾಳಾದ ದೋಣಿಯ ಲಕ್ಷಣವಲ್ಲ, ಬಾಯಾರಿದ ದೋಣಿಯ ಲಕ್ಷಣ. ನೀರು ಕುಡಿದರೆ ಅದರ ಬಹುಪಾಲು ತಾನಾಗಿ ಮುಚ್ಚುತ್ತದೆ.

ಮುಚ್ಚಲು ಹೊರಟ ಹಲಗೆಗೆ ನಡುವೆ ಕಲ್ಲಿನಂಥ ಪುಟ್ಟಿ ಅಡ್ಡ ನಿಂತರೆ ಎರಡರಲ್ಲಿ ಒಂದಾಗುತ್ತದೆ. ಹಲಗೆಯ ಅಂಚಿನ ನಾರು ಜಜ್ಜಿಹೋಗುತ್ತದೆ, ಮುಂದಿನ ಬೇಸಗೆಗೆ ಸಂದು ಇನ್ನೂ ಅಗಲವಾಗುತ್ತದೆ. ಅಂಚು ಜಗ್ಗದಿದ್ದರೆ ಒತ್ತಡ ಮೊಳೆಗಳ ಮೇಲೆ ಬಿದ್ದು, ಒಳಗಿನ ಬಾಗುಮರದಿಂದ ಹಲಗೆಯೇ ಎದ್ದು ಬರುತ್ತದೆ. ಬೇಸಗೆಯಲ್ಲಿ ಅಳೆದ ಸಂದನ್ನು ಬೇಸಗೆಯಲ್ಲೇ ತುಂಬುವುದು ಈ ಕೆಲಸದ ಅತಿ ದುಬಾರಿ ತಪ್ಪು.

ಗೂಡಿನಿಂದ ತಂದ ದೋಣಿಗೆ ಹಾಕುವ ಚಪ್ಪರ ಹೀಗಿರಲಿ: ಉದ್ದ ಪೂರ್ವ–ಪಶ್ಚಿಮವಾಗಿರಲಿ, ಆಗ ಬೆಳಗಿನ ಮತ್ತು ಸಂಜೆಯ ಓರೆ ಬಿಸಿಲು ದೋಣಿಯ ಮಗ್ಗುಲಿಗೆ ಹೊಡೆಯುವುದಿಲ್ಲ. ನಮ್ಮಲ್ಲಿ ಏಪ್ರಿಲ್ ಕೊನೆಯ ವಾರ ಸೂರ್ಯ ನೇರ ನೆತ್ತಿಯ ಮೇಲಿರುತ್ತಾನೆ, ಹಾಗಾಗಿ ಗೋಡೆಗಿಂತ ಮಾಡಿನ ಚಿಂತೆ ಹೆಚ್ಚು. ಬರೀ ಟರ್ಪಾಲು ಅಥವಾ ತಗಡು ಬೇಡ. ಟರ್ಪಾಲಿನ ಮೇಲೆ ಒಂದು ಅಡಿ ಗಾಳಿ ಬಿಟ್ಟು ಅಡಿಕೆ ಸೋಗೆ ಅಥವಾ ನೇಯ್ದ ಮಡಲು ಹಾಸಿ. ಪಶ್ಚಿಮದ ತುದಿಗೆ ಮಡಲ ತಟ್ಟಿಯನ್ನು ನೆಲದಿಂದ ಎರಡು ಅಡಿ ಎತ್ತರದವರೆಗೆ ಮಾತ್ರ ಇಳಿಬಿಡಿ. ಮಧ್ಯಾಹ್ನದ ಕಡಲ ಗಾಳಿ ಆ ಸಂದಿಯಲ್ಲಿ ನುಗ್ಗಿ ಬರಬೇಕು, ಬಿಸಿಲು ಬರಬಾರದು. ಒಳಗೊಂದು ಉಷ್ಣಮಾಪಕ ತೂಗುಹಾಕಿ. ಮಧ್ಯಾಹ್ನ ಅದು ಹೊರಗಿನ ನೆರಳಿಗಿಂತ 3–4 ಡಿಗ್ರಿ ಹೆಚ್ಚು ತೋರಿಸಿದರೆ ಮಾಡಿನ ಕೆಲಸ ಬಾಕಿಯಿದೆ ಎಂದರ್ಥ. ಹಲಗೆಯ ತುದಿಗಳಿಂದ ನೀರು ಮೈಯಿಂದ ಹೋಗುವುದಕ್ಕಿಂತ ಎಷ್ಟೋ ಪಟ್ಟು ಬೇಗ ಹೋಗುತ್ತದೆ. ಅಲ್ಲಿಗೆ ಮನೆಯಲ್ಲಿ ಉಳಿದ ಯಾವುದೇ ಎಣ್ಣೆ ಪೈಂಟ್ ಎರಡು ಕೈ ಬಳಿಯಿರಿ. ತುದಿ ಸೀಳುವುದು ನಿಲ್ಲುತ್ತದೆ.

ದೋಣಿಯನ್ನು ನೆಲಕ್ಕೆ ಕೂರಿಸಬೇಡಿ, ಒರಲೆ ಹತ್ತುತ್ತದೆ. ತಳದ ಉದ್ದ ಮರದ ಕೆಳಗೆ 4–5 ಅಡಿಗೊಂದರಂತೆ ಕೆಂಪುಕಲ್ಲು ಇಟ್ಟು, ಕಲ್ಲಿನ ಮೇಲೆ ತೆಂಗಿನ ಮರದ ತುಂಡು ಹಾಕಿ, ದಾರ ಎಳೆದು ಸಮಮಟ್ಟ ನೋಡಿ. ಈ ದಾರ ನೋಡುವ ಕೆಲಸ ಬಿಟ್ಟವರ ದೋಣಿಯ ಬೆನ್ನು ಎರಡೇ ತಿಂಗಳಲ್ಲಿ ಬಾಗುತ್ತದೆ, ಆಮೇಲೆ ಯಾವ ಆಚಾರಿಯೂ ಅದನ್ನು ನೆಟ್ಟಗೆ ಮಾಡಲಾರರು.

ಈಗ ನೀರು ಕುಡಿಸುವುದು. ನೆಲದ ಮೇಲಿರುವ ದೋಣಿಗೆ ತುಂಬ ನೀರು ಹೊಯ್ಯಬೇಡಿ. ಒಂದು ಘನ ಮೀಟರ್ ನೀರೆಂದರೆ ಒಂದು ಟನ್ ಭಾರ. ಹೊಳೆಯಲ್ಲಿ ಹೊರಗಿನ ನೀರು ಆ ಭಾರವನ್ನು ತಡೆಯುತ್ತದೆ, ಅಂಗಳದಲ್ಲಿ ತಡೆಯಲು ಏನೂ ಇಲ್ಲದೆ ಹಲಗೆ ಹೊರಕ್ಕೆ ಬಿರಿಯುತ್ತದೆ. ಗೋಣಿಚೀಲ, ಹಳೆ ಸೀರೆ ಒದ್ದೆ ಮಾಡಿ ಒಳಗೂ ಹೊರಗೂ ಸಂದುಗಳ ಮೇಲೆ ಹೊದಿಸಿ, ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ನೀರು ಚಿಮುಕಿಸಿ. ಎರಡರಿಂದ ಮೂರು ವಾರ ಬೇಕು. ಒಂದೇ ಜಾಗದಲ್ಲಿ ಪೆನ್ಸಿಲ್ ಗುರುತು ಹಾಕಿ ವಾರಕ್ಕೊಮ್ಮೆ ಸಂದು ಅಳೆಯಿರಿ. ಎರಡು ವಾರ ಅಳತೆ ಬದಲಾಗದಿದ್ದರೆ ಮರ ಕುಡಿಯುವಷ್ಟು ಕುಡಿದಿದೆ. ಆಗ ಉಳಿದ ಸಂದು ಮಾತ್ರ ನಿಜವಾದ ಸಂದು.

ಅದನ್ನು ತುಂಬುವುದು ಹತ್ತಿಯಿಂದ. ಸಡಿಲವಾಗಿ ಹೊಸೆದ ಹತ್ತಿಯ ಎಳೆಯನ್ನು ಸಣ್ಣ ಸಣ್ಣ ಕುಣಿಕೆಯಾಗಿ ಮಡಚುತ್ತ, ಮೊಂಡು ಉಳಿ ಮತ್ತು ಕೊಡತಿಯಿಂದ ಒಳಗೆ ತುರುಕಿ. ಹಲಗೆ ಒಂದು ಇಂಚು ದಪ್ಪವಿದ್ದರೆ ಹತ್ತಿ ಅರ್ಧ ಇಂಚು ಆಳದಲ್ಲಿ ಕೂರಬೇಕು. ಕೊಡತಿಯ ಸದ್ದು ಕೇಳುತ್ತಿರಿ: ಮೊದಲು ಮಂದವಾಗಿ ಬರುವ ಪೆಟ್ಟು ಗಟ್ಟಿಯಾಗಿ ಟಣ್ ಎಂದ ಕೂಡಲೇ ಮುಂದೆ ಹೋಗಿ, ಇನ್ನೊಂದು ಪೆಟ್ಟು ಬೇಡ. ಬಿಗಿ ಜಾಸ್ತಿಯಾದರೆ ಹತ್ತಿಯೂ ಎಂಸೀಲ್‌ನ ಕೆಲಸವನ್ನೇ ಮಾಡುತ್ತದೆ. ಹತ್ತಿಯ ಮೇಲೆ ತೆಳುವಾಗಿ ಪ್ರೈಮರ್ ಹಚ್ಚಿ, ಒಣಗಿದ ಮೇಲೆ ಮೆತ್ತನೆಯ ಪುಟ್ಟಿ ಕೊಡಿ. ಒಂದು ಕಿಲೋ ಚಾಕ್ ಪುಡಿಗೆ ಸುಮಾರು 200 ಮಿ.ಲೀ. ಅಗಸೆ ಎಣ್ಣೆ, 50 ಗ್ರಾಂ ಕರಗಿಸಿದ ಜೇನುಮೇಣ ಸೇರಿಸಿ ಚಪಾತಿ ಹಿಟ್ಟಿನ ಹದಕ್ಕೆ ನಾದಬೇಕು. ಹಲಗೆಯ ಮಟ್ಟಕ್ಕಿಂತ ಒಂದು ಮಿ.ಮೀ. ಒಳಗೇ ನಿಲ್ಲಿಸಿ, ಮರ ಉಬ್ಬಿದಾಗ ಪುಟ್ಟಿಗೆ ಹೊರಬರಲು ಜಾಗ ಬೇಕು.

ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಗಾಳಿಯ ಆಮ್ಲಜನಕದೊಂದಿಗೆ ಸೇರುವಾಗ ಶಾಖ ಹುಟ್ಟುತ್ತದೆ, ಬಟ್ಟೆಯ ಮುದ್ದೆಯೊಳಗೆ ಅದು ಹೊರಹೋಗಲಾರದೆ ತಾನಾಗಿ ಬೆಂಕಿ ಹತ್ತುತ್ತದೆ. ಸೋಗೆ ಹೊದಿಸಿದ ಚಪ್ಪರದಲ್ಲಿ ಹೀಗಾದರೆ ದೋಣಿಯೂ ಉಳಿಯುವುದಿಲ್ಲ. ಬಟ್ಟೆಯನ್ನು ನೀರಿನ ಬಕೆಟ್‌ನಲ್ಲಿ ಮುಳುಗಿಸಿಡಿ.

ದೋಣಿಯ ಹೊರಮೈಗೆ ಫೈಬರ್ ಬಟ್ಟೆ ಅಂಟಿಸಿದರೆ ಜೀವನಪೂರ್ತಿ ನೀರು ಸೋರುವುದಿಲ್ಲ ಎನ್ನುತ್ತಾರೆ. ಎಪಾಕ್ಸಿ ತಂದು ಮಗ್ಗಿನಲ್ಲಿ ಕಲಸಿದರೆ ಹತ್ತೇ ನಿಮಿಷದಲ್ಲಿ ಹೊಗೆ ಬಂದು ಗಟ್ಟಿಯಾಯಿತು. ಹಚ್ಚಿದಲ್ಲೂ ಬೊಬ್ಬೆ ಎದ್ದಿದೆ. (ಮಂಜೇಶ್ವರ)

ನಿಮ್ಮದು ಒಂದೇ ಮರ ಕೊರೆದ ದೋಣಿಯಾದರೆ ಮುಂದುವರಿಯಬಹುದು. ಹಲಗೆ ಜೋಡಿಸಿದ ದೋಣಿಯಾದರೆ ಬೇಡ. ಹಲಗೆಗಳು ಒಂದೊಂದೂ ಅಲುಗುತ್ತವೆ, ತೆಳು ಫೈಬರ್ ಪದರ ಸಂದಿನ ಗೆರೆಯುದ್ದಕ್ಕೂ ಸೀಳುತ್ತದೆ. ಅಲ್ಲಿಂದ ಒಳಹೊಕ್ಕ ನೀರಿಗೆ ಹೊರಬರಲು ದಾರಿಯಿಲ್ಲದೆ ಹಲಗೆ ಫೈಬರಿನ ಹಿಂದೆ ಕೊಳೆಯುತ್ತದೆ. ಹೊರಗಿನಿಂದ ನೋಡಿದರೆ ಏನೂ ತಿಳಿಯುವುದಿಲ್ಲ. ಮರಕ್ಕೆ ಫೈಬರ್ ಹೊದಿಸುವ ಕೆಲಸವನ್ನು ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ರಬ್ಬರ್ ಮರದ ದೋಣಿಗಳಲ್ಲಿ ಮಾಡಿ ತೋರಿಸಿದೆ, ಆದರೆ ಅದು ಹೊಸ ಮರಕ್ಕೆ, ಔಷಧಿ ಉಣಿಸಿ ಒಣಗಿಸಿದ ಮೇಲೆ.

ಹೊಗೆಯ ವಿಷಯ: ಎಪಾಕ್ಸಿ ಗಟ್ಟಿಯಾಗುವಾಗ ತಾನೇ ಬಿಸಿಯಾಗುತ್ತದೆ. ಆಳವಾದ ಮಗ್ಗಿನಲ್ಲಿ ಆ ಬಿಸಿ ಅಲ್ಲೇ ಕೂಡಿ ಇನ್ನಷ್ಟು ಬೇಗ ಗಟ್ಟಿಯಾಗಿಸುತ್ತದೆ. ಸುತ್ತಲಿನ ಶಾಖ 10 ಡಿಗ್ರಿ ಏರಿದರೆ ಕೈಯಲ್ಲಿರುವ ಸಮಯ ಅರ್ಧವಾಗುತ್ತದೆ: ಡಬ್ಬಿಯ ಮೇಲೆ 25 ಡಿಗ್ರಿಗೆ 30 ನಿಮಿಷ ಎಂದಿದ್ದರೆ 35 ಡಿಗ್ರಿಯ ಚಪ್ಪರದಲ್ಲಿ 15 ನಿಮಿಷ. ನಿಧಾನದ ಹಾರ್ಡ್‌ನರ್ (ಎಪಾಕ್ಸಿ ಗಟ್ಟಿಯಾಗಲು ಬೆರೆಸುವ ದ್ರವ) ಕೇಳಿ ತನ್ನಿ. ಒಮ್ಮೆಗೆ 150 ಗ್ರಾಂಗಿಂತ ಹೆಚ್ಚು ಕಲಸಬೇಡಿ, ಕಲಸಿದ ಕೂಡಲೇ ಅಗಲ ತಟ್ಟೆಗೆ ಹೊಯ್ದು ತೆಳುವಾಗಿ ಹರಡಿ. ಬೇಗ ಗಟ್ಟಿಯಾಗದಿರಲೆಂದು ಹಾರ್ಡ್‌ನರ್ ಕಡಿಮೆ ಹಾಕುವವರಿದ್ದಾರೆ. ಹಾಗೆ ಮಾಡಿದರೆ ಅದು ಯಾವತ್ತೂ ಪೂರ್ತಿ ಗಟ್ಟಿಯಾಗುವುದಿಲ್ಲ, ಕೆರೆದು ತೆಗೆಯುವುದೊಂದೇ ಉಳಿಯುವ ದಾರಿ. ಅಳತೆ ತಕ್ಕಡಿಯಲ್ಲೇ ಆಗಲಿ.

ಬೊಬ್ಬೆಗೆ ಕಾರಣ ಹೊತ್ತು. ಬೆಳಿಗ್ಗೆ ಹಚ್ಚಿದರೆ ಬಿಸಿಲೇರುತ್ತಿದ್ದಂತೆ ಮರದ ರಂಧ್ರಗಳ ಗಾಳಿ ಹಿಗ್ಗಿ ಎಪಾಕ್ಸಿಯನ್ನು ತಳ್ಳಿ ಹೊರಬರುತ್ತದೆ. ಸಂಜೆ ನಾಲ್ಕರ ನಂತರ, ಮರ ತಣಿಯತೊಡಗಿದ ಮೇಲೆ ಹಚ್ಚಿ. ಆಗ ಗಾಳಿ ಕುಗ್ಗುತ್ತ ಎಪಾಕ್ಸಿಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಮರದ ತೇವ ಶೇ. 15ಕ್ಕಿಂತ ಕೆಳಗಿರಬೇಕು. ಮರುದಿನ ಮೈಮೇಲೆ ಜಿಡ್ಡಿನಂಥ ಪದರ ಕಂಡರೆ ಅದು ನಮ್ಮ ಸೆಕೆಗಾಳಿಯ ತೇವದ್ದು. ನೀರು ಹಾಕಿ ಒರಟು ಬಟ್ಟೆಯಲ್ಲಿ ಉಜ್ಜಿ ತೊಳೆದ ಮೇಲೆಯೇ ಎರಡನೇ ಕೈ. ಹೊರಗಿನ ಬಣ್ಣ ಬಿಳಿ ಅಥವಾ ತಿಳಿ ಬಣ್ಣವೇ ಇರಲಿ. ಕಪ್ಪು, ಕಡುನೀಲಿ ಬಳಿದ ಮೈ ಬಿಸಿಲಲ್ಲಿ 60 ಡಿಗ್ರಿ ದಾಟುತ್ತದೆ, ಅಷ್ಟರಲ್ಲಿ ಸಾಮಾನ್ಯ ಎಪಾಕ್ಸಿ ಮೆತ್ತಗಾಗತೊಡಗುತ್ತದೆ. ಫೈಬರ್ ದೋಣಿ ಕಟ್ಟುವಲ್ಲಿ ಸಿಗುವ ಅಗ್ಗದ ಪಾಲಿಯೆಸ್ಟರ್ ರೆಸಿನ್ ಮರಕ್ಕೆ ಸರಿಯಾಗಿ ಹಿಡಿಯುವುದಿಲ್ಲ, ಕಾಲಕ್ರಮೇಣ ಹಾಳೆಯಾಗಿ ಏಳುತ್ತದೆ.

ಹಗ್ಗದಿಂದ ಹೊಲಿದ ಹಳೆ ದೋಣಿಯೊಂದಿದೆ. ಹೊಲಿಗೆ ಬಿಚ್ಚಿ ಮತ್ತೆ ಹೊಲಿಯಬಹುದೇ? ಮರಕ್ಕೆ ತೆಂಗಿನೆಣ್ಣೆ ಕೊಡಬಹುದೇ? (ನೀಲೇಶ್ವರ)

ಹೊಲಿಯಬಹುದು, ಹೊಲಿಯಲೇಬೇಕು. ಬಿಚ್ಚಿ ಹೊಲಿಯಲೆಂದೇ ಮಾಡಿದ ದೋಣಿ ಅದು. ಆದರೆ ಎಲ್ಲವನ್ನೂ ಒಟ್ಟಿಗೆ ಬಿಚ್ಚಬೇಡಿ, ಆಕಾರ ತಪ್ಪುತ್ತದೆ. ಮೂರು ಅಡಿ ಬಿಚ್ಚಿ, ಅಷ್ಟನ್ನು ಹೊಲಿದು, ಮುಂದೆ ಹೋಗಿ. ಹಗ್ಗ ನೀರಲ್ಲಿ ಕೊಳೆಸಿ ತೆಗೆದ ಹಸಿಕಾಯಿ ಸಿಪ್ಪೆಯ ನಾರಿನದ್ದೇ ಆಗಬೇಕು. ಒಣಸಿಪ್ಪೆಯನ್ನು ಯಂತ್ರದಲ್ಲಿ ಬಡಿದು ತೆಗೆದ ಕಂದು ನಾರು ಬಿರುಸು, ಬಿಗಿದಾಗ ತುಂಡಾಗುತ್ತದೆ. ಹೊಲಿಯುವ ಮೊದಲು ಹಗ್ಗವನ್ನು ಒಂದು ರಾತ್ರಿ ನೀರಲ್ಲಿ ನೆನೆಹಾಕಿ. ಸಂದಿನ ಮೇಲೆ ಹೆಬ್ಬೆರಳು ದಪ್ಪ ನಾರಿನ ಸಿಂಬೆ ಒತ್ತಿಟ್ಟು ಅದರ ಮೇಲೆ ಅಡ್ಡಹೊಲಿಗೆ ಹಾಕಿ. ಪ್ರತಿ ತೂತಿಗೂ ನಾರಿನ ಬಿರಡೆ ಬಡಿದು ರಾಳ–ಎಣ್ಣೆಯ ಪಾಕ ಸವರಿ. ಇಂಥ ದೋಣಿಗಳು ಸೋರುವುದು ಹೆಚ್ಚಾಗಿ ಸಂದಿನಿಂದಲ್ಲ, ಬಿರಡೆ ಸಡಿಲವಾದ ತೂತಿನಿಂದ.

ತೆಂಗಿನೆಣ್ಣೆ ಬೇಡ. ಅದು ಗಾಳಿಗೆ ಒಣಗಿ ಪೊರೆ ಕಟ್ಟುವ ಎಣ್ಣೆಯಲ್ಲ, ಹಸಿಯಾಗೇ ಉಳಿದು ಧೂಳು ಹಿಡಿಯುತ್ತದೆ, ಇಲಿ ಬರುತ್ತದೆ. ಹಳೆ ಇಂಜಿನ್ ಎಣ್ಣೆಯಂತೂ ಹೊಳೆಗೆ ವಿಷ, ಒಮ್ಮೆ ಬಳಿದ ಮರ ಮುಂದೆ ಪೈಂಟನ್ನೂ ಹಿಡಿಯುವುದಿಲ್ಲ. ಬೂತಾಯಿ ಮೀನಿನ ಎಣ್ಣೆ ಅಥವಾ ಗೇರುಬೀಜದ ಸಿಪ್ಪೆ ಎಣ್ಣೆ ಕೊಡಿ. ಗೇರು ಎಣ್ಣೆ ಹುಳುವನ್ನೂ ದೂರವಿಡುತ್ತದೆ. 20 ಅಡಿ ದೋಣಿಗೆ ಒಳಗೂ ಹೊರಗೂ ಸೇರಿ ಒಂದು ಕೈಗೆ ಸುಮಾರು 2 ಲೀಟರ್ ಬೇಕು. ತೆಳುವಾಗಿ ಮೂರು ಕೈ, ನಡುವೆ ಮೂರು ನಾಲ್ಕು ದಿನ ಬಿಟ್ಟು. ಗೇರು ಎಣ್ಣೆ ಚರ್ಮಕ್ಕೆ ತಾಗಿದರೆ ಸುಟ್ಟಂತೆ ಬೊಬ್ಬೆ ಬರುತ್ತದೆ: ರಬ್ಬರ್ ಕೈಗವಸು, ಉದ್ದ ತೋಳಿನ ಅಂಗಿ, ಕಣ್ಣಿಗೆ ಕನ್ನಡಕ ಖಂಡಿತ ಬೇಕು. ಬಿಸಿ ಮಾಡುವುದಾದರೆ ಹೊಗೆ ಮುಖಕ್ಕೆ ಬಾರದಂತೆ ಗಾಳಿಗೆ ಬೆನ್ನು ಕೊಟ್ಟು ನಿಲ್ಲಿ.

ಯಾವ ಹಲಗೆ ಬದಲಿಸಬೇಕು, ಯಾವುದನ್ನು ಉಳಿಸಬಹುದು ಎಂದು ತಿಳಿಯುವುದು ಹೇಗೆ? ನೀರಿಗಿಳಿಸುವುದು ಯಾವಾಗ? (ಚಂದ್ರಗಿರಿ ಹೊಳೆಬದಿ)

ಸಣ್ಣ ಸ್ಕ್ರೂಡ್ರೈವರ್ ಹಿಡಿದು ಮೇಲಂಚು, ಎರಡೂ ತುದಿ, ಕೂರುವ ಹಲಗೆಯ ಕೆಳಗೆ ಒತ್ತಿ ನೋಡಿ. ಮರ ಕೊಳೆಯುವುದು ಹೊಳೆಯ ನೀರಿಗಿಂತ ಒಳಗೆ ನಿಂತ ಮಳೆನೀರಿಗೆ. ಸ್ಕ್ರೂಡ್ರೈವರಿನ ತುದಿ ಕಾಲು ಇಂಚಿಗಿಂತ ಹೆಚ್ಚು ಸಲೀಸಾಗಿ ಇಳಿದರೆ ಆ ಭಾಗ ಹೋಯಿತು. ಕಣ್ಣಿಗೆ ಕಾಣುವ ಕೊಳೆತದಾಚೆ ಇನ್ನೂ ಆರು ಇಂಚು ಕತ್ತರಿಸಿ. ಹೊಸ ತುಂಡಿನ ಜೋಡಣೆ ಓರೆಯಾಗಿರಲಿ, ದಪ್ಪದ ಎಂಟು ಪಟ್ಟು ಉದ್ದ, ಅಂದರೆ ಒಂದು ಇಂಚಿನ ಹಲಗೆಗೆ ಎಂಟು ಇಂಚು. ಮರ ಅದೇ ಜಾತಿಯದ್ದಿರಲಿ. ನೀಲೇಶ್ವರದ ಕಡೆಯ ಮಿಲ್ಲುಗಳಲ್ಲಿ ಹೆಬ್ಬಲಸನ್ನು ಆಯಿನಿ ಎಂದು ಕೇಳಿ. ಗುಂಡುಸೂಜಿಯಷ್ಟು ಸಣ್ಣ ತೂತು, ಒಳಗೆ ಸುಣ್ಣದ ಬಿಳಿ ಕೊಳವೆ ಕಂಡರೆ ಉಪ್ಪುನೀರಿನ ಕೊರೆಹುಳು. ಆ ಹಲಗೆಯನ್ನು ನಂಬಬೇಡಿ, ಹೊರಗೆ ಒಂದು ತೂತಿದ್ದರೆ ಒಳಗೆ ಉದ್ದಕ್ಕೂ ಸುರಂಗ.

ಕಬ್ಬಿಣದ ಮೊಳೆಯ ಸುತ್ತ ಮರ ಕಪ್ಪಾಗಿ ಮೆತ್ತಗಾಗಿದ್ದರೆ ಮೊಳೆ ತೆಗೆದು, ತೂತಿಗೆ ಮರದ ಬೆಣೆ ಬಡಿದು, ಹೊಸ ಮೊಳೆಯನ್ನು ಒಂದು ಇಂಚು ಪಕ್ಕಕ್ಕೆ ಹೊಡೆಯಿರಿ. ತಾಮ್ರದ ಮೊಳೆಗೆ ಹೋಗುವುದಾದರೆ ಇಡೀ ದೋಣಿಗೆ ತಾಮ್ರವೇ ಆಗಲಿ. ಉಪ್ಪುನೀರಿನಲ್ಲಿ ತಾಮ್ರದ ಪಕ್ಕದ ಕಬ್ಬಿಣ ಬೇಗ ಕರಗುತ್ತದೆ.

ಜೂನ್‌ನಿಂದ ಆಗಸ್ಟ್‌ವರೆಗೆ ಹೊಳೆಯ ಸೆಳವಿಗೆ ಹೊಸದಾಗಿ ಸರಿಮಾಡಿದ ದೋಣಿ ಬೇಡ. ಆ ತಿಂಗಳುಗಳಲ್ಲಿ ಚಪ್ಪರದ ತೇವಗಾಳಿಯಲ್ಲೇ ಮರ ಹದಕ್ಕೆ ಬರುತ್ತದೆ. ಸೆಪ್ಟೆಂಬರ್ ಕೊನೆಗೆ, ತಳಕ್ಕೆ ಪೈಂಟ್ ಆದ ಮೇಲೆ, ಸಿಹಿನೀರಿನ ಜಾಗದಲ್ಲಿ ಸೊಂಟದಾಳಕ್ಕೆ ಇಳಿಸಿ ಕಟ್ಟಿಹಾಕಿ. ಮೊದಲ ದಿನ ನೀರು ಜೋರಾಗಿಯೇ ಬರುತ್ತದೆ, ಗಾಬರಿ ಬೇಡ, ಮೊಗೆಯುತ್ತಿರಿ. ಮೂರರಿಂದ ಏಳು ದಿನದಲ್ಲಿ ಹಲಗೆ ಉಬ್ಬಿ ಅದು ಕಡಿಮೆಯಾಗಬೇಕು. ಹತ್ತು ದಿನ ಕಳೆದರೂ ಒಂದೇ ಜಾಗದಿಂದ ಸಣ್ಣ ಧಾರೆ ಬರುತ್ತಿದ್ದರೆ ಹೆಚ್ಚಾಗಿ ಅದು ಮೊಳೆಯ ತೂತು. ಒಳಗಿನಿಂದ ಆ ಜಾಗಕ್ಕೆ ಸೀಮೆಸುಣ್ಣದ ಗುರುತು ಹಾಕಿ, ದೋಣಿಯನ್ನು ದಡಕ್ಕೆ ವಾಲಿಸಿ, ಅಲ್ಲಿಯ ಬೆಣೆಯೊಂದನ್ನೇ ಬದಲಿಸಿ. ಬೇರೆ ಸಂದುಗಳನ್ನು ಮತ್ತೆ ಬಡಿಯಬೇಡಿ.