ಹಿತ್ತಲಿಗೆ ಹೊಸ ಗ್ರಿಲ್ ಕೊಳ್ಳುವುದಾದರೆ ಯಾವುದು? ಸ್ಮೋಕರ್ ಬೇರೆಯೇ ಬೇಕೆ?

ನಿಮ್ಮ ಪ್ರಶ್ನೆಯ ಸಾರ ಇಷ್ಟು: ಹಳೆಯ ಗ್ಯಾಸ್ ಗ್ರಿಲ್‌ನ ತಳ ತುಕ್ಕು ಹಿಡಿದು ಉದುರಿಹೋಗಿದೆ. ಮನೆಯಲ್ಲಿ ನಾಲ್ಕು ಜನ. ವಾರದ ದಿನಗಳಲ್ಲಿ ಬೇಗ ಊಟ ಆಗಬೇಕು, ರಜೆಯ ದಿನ ನಿಧಾನವಾಗಿ ಹೊಗೆಯಲ್ಲಿ ಮಾಂಸ ಬೇಯಿಸುವ ಆಸೆಯೂ ಇದೆ. ಗ್ಯಾಸ್, ಇದ್ದಿಲು, ಪೆಲೆಟ್, ಕಮಾಡೊ ಇವುಗಳಲ್ಲಿ ಯಾವುದನ್ನು ಆರಿಸಬೇಕು, ಒಂದರಲ್ಲೇ ಎರಡೂ ಕೆಲಸ ಆಗುತ್ತದೆಯೇ?

ಆಗುತ್ತದೆ. ಮುಚ್ಚಳವಿರುವ, ಮೇಲೆ ಮತ್ತು ಕೆಳಗೆ ಗಾಳಿಕಿಂಡಿಗಳಿರುವ, ಸುಮಾರು 57 ಸೆಂಟಿಮೀಟರ್ ಅಗಲದ ದುಂಡನೆಯ ಇದ್ದಿಲು ಗ್ರಿಲ್ ಕೊಳ್ಳಿ. ಕೆಟಲ್ ಗ್ರಿಲ್ ಎಂದು ಕರೆಯುವುದು ಇದನ್ನೇ. ಸಂಜೆ ಕೆಲಸದಿಂದ ಬಂದ ಮೇಲೆ ಕೆಂಡ ಹದಕ್ಕೆ ಬರಲು ಇಪ್ಪತ್ತು ನಿಮಿಷ ಕಾಯುವ ತಾಳ್ಮೆ ನಿಮಗೆ ಖಂಡಿತ ಇಲ್ಲವೆಂದಾದರೆ ಮಾತ್ರ ನನ್ನ ಉತ್ತರ ಬೇರೆ. ಅದನ್ನೂ ಕೆಳಗೆ ಹೇಳುತ್ತೇನೆ.

ಗ್ರಿಲ್ ಕೆಲಸವೆಂದರೆ ಬಹುಪಾಲು ಗಾಳಿಯ ಲೆಕ್ಕ. ಇದ್ದಿಲಿಗೆ ಎಷ್ಟು ಗಾಳಿ ಬಿಡುತ್ತೀರೋ ಅಷ್ಟೇ ಅದು ಉರಿಯುತ್ತದೆ. ಕೆಳಗಿನ ಕಿಂಡಿಯಿಂದ ಗಾಳಿ ಒಳಗೆ ಬರುತ್ತದೆ, ಬಿಸಿಯಾಗಿ ಮೇಲೇರಿ ಮುಚ್ಚಳದ ಕಿಂಡಿಯಿಂದ ಹೊರಗೆ ಹೋಗುತ್ತದೆ. ಎರಡನ್ನೂ ಪೂರ್ತಿ ತೆರೆದರೆ ಸರಳುಗಳ ಮೇಲೆ 250 ಡಿಗ್ರಿ ಸೆಲ್ಸಿಯಸ್ ದಾಟುವ ಕಾವು ಸಿಗುತ್ತದೆ. ಕೆಳಗಿನದನ್ನು ಬೆರಳು ತೂರುವಷ್ಟಕ್ಕೆ ಕಿರಿದು ಮಾಡಿದರೆ ಅದೇ ಗ್ರಿಲ್ 110–130 ಡಿಗ್ರಿಯಲ್ಲಿ ಗಂಟೆಗಟ್ಟಲೆ ನಿಲ್ಲುತ್ತದೆ. ಮೊದಲನೆಯದು ಸುಡುವ ಕೆಲಸ, ಎರಡನೆಯದು ಸ್ಮೋಕರ್ ಕೆಲಸ. ಹಾಗಾಗಿ ಅಂಗಡಿಯಲ್ಲಿ ನೀವು ನೋಡಬೇಕಾದದ್ದು ಮುಚ್ಚಳ ಎಷ್ಟು ಬಿಗಿಯಾಗಿ ಕೂರುತ್ತದೆ, ಕಿಂಡಿಗಳು ಎಷ್ಟು ಸರಾಗವಾಗಿ ಜರುಗುತ್ತವೆ ಎಂಬುದನ್ನು. ಮುಚ್ಚಳಕ್ಕೂ ಬಟ್ಟಲಿನ ಅಂಚಿಗೂ ನಡುವೆ ಒಂದು ಕಾಗದದ ಚೂರನ್ನಿಟ್ಟು ಮುಚ್ಚಿ, ಮೆಲ್ಲಗೆ ಎಳೆಯಿರಿ. ಸುತ್ತಲೂ ನಾಲ್ಕಾರು ಕಡೆ ಹೀಗೆ ಮಾಡಿ. ಒಂದು ಕಡೆ ಹಿಡಿತ ಸಿಕ್ಕಿ ಇನ್ನೊಂದು ಕಡೆ ಕಾಗದ ತಾನಾಗಿಯೇ ಜಾರಿ ಬಂದರೆ ಬಟ್ಟಲು ಸೊಟ್ಟಗಿದೆ ಎಂದರ್ಥ. ಅಂಥದ್ದನ್ನು ಬಿಡಿ. ಪಕ್ಕದಲ್ಲಿ ಕಪಾಟು, ಬಣ್ಣದ ದೀಪ, ಮೊಬೈಲಿಗೆ ಜೋಡಿಸುವ ಪರದೆ ಎಲ್ಲ ಇದ್ದು ಮುಚ್ಚಳವೇ ಸರಿಯಾಗಿ ಕೂರದ ಗ್ರಿಲ್‌ಗಳನ್ನು ಬೇಕಾದಷ್ಟು ನೋಡಿದ್ದೇನೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು!

ಈ ದುಂಡು ಆಕಾರ ಹುಟ್ಟಿದ್ದು ಕೂಡ ಗಾಳಿಯ ಕಾಟದಿಂದಲೇ. 1952ರಲ್ಲಿ ಷಿಕಾಗೊದ ವೆಬರ್ ಬ್ರದರ್ಸ್ ಎಂಬ ಲೋಹದ ಕಾರ್ಖಾನೆಯಲ್ಲಿದ್ದ ಜಾರ್ಜ್ ಸ್ಟೀಫನ್, ತೆರೆದ ಒಲೆಯಲ್ಲಿ ಗಾಳಿ ಮತ್ತು ಬೂದಿಯ ಜೊತೆ ಏಗಿ ಸಾಕಾಗಿ, ಅಲ್ಲಿ ತಯಾರಾಗುತ್ತಿದ್ದ ಲೋಹದ ತೇಲುಬುರುಡೆಯ ಅರ್ಧಗೋಳಗಳನ್ನೇ ಬಟ್ಟಲು ಮತ್ತು ಮುಚ್ಚಳವನ್ನಾಗಿ ಮಾಡಿಕೊಂಡ. ಅಂದಿನಿಂದ ಇಂದಿನವರೆಗೆ ಆ ವಿನ್ಯಾಸದಲ್ಲಿ ಮೂಲಭೂತವಾಗಿ ಏನೂ ಬದಲಾಗಿಲ್ಲ. ಬದಲಿಸಬೇಕಾದದ್ದು ಹೆಚ್ಚೇನೂ ಇರಲಿಲ್ಲ ಎಂದೇ ನನ್ನ ಅಭಿಪ್ರಾಯ.

ಇನ್ನು ಅದನ್ನು ಸ್ಮೋಕರ್ ಆಗಿ ಬಳಸುವ ಬಗೆ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಇದು ಗೊತ್ತಿಲ್ಲದೆಯೇ ಅನೇಕರು ಎರಡನೆಯ ಉಪಕರಣಕ್ಕೆ ಹಣ ಸುರಿಯುತ್ತಾರೆ. ಬಟ್ಟಲಿನ ಒಳಗೋಡೆಗೆ ಒತ್ತಿಕೊಂಡಂತೆ ಬ್ರಿಕೆಟ್‌ಗಳನ್ನು, ಅಂದರೆ ಇದ್ದಿಲಿನ ಪುಡಿಯನ್ನು ಒತ್ತಿ ಮಾಡಿದ ಉಂಡೆಗಳನ್ನು, ಅಕ್ಕಪಕ್ಕ ಎರಡು, ಅವುಗಳ ಮೇಲೆ ಮತ್ತೆರಡು ಎಂಬಂತೆ ಸಾಲಾಗಿ ಜೋಡಿಸುತ್ತಾ ಹೋಗಿ. ಸಾಲು ವೃತ್ತದ ಮುಕ್ಕಾಲು ಭಾಗ ಬಂದಾಗ ನಿಲ್ಲಿಸಿ. ಮೇಲೆ ಅಲ್ಲಲ್ಲಿ ಮುಷ್ಟಿಗಿಂತ ಚಿಕ್ಕದಾದ ಒಣಗಿದ ಗಟ್ಟಿಮರದ ತುಂಡುಗಳನ್ನಿಡಿ. ಏಳೆಂಟು ಬ್ರಿಕೆಟ್‌ಗಳನ್ನು ಬೇರೆಯಾಗಿ ಹೊತ್ತಿಸಿ, ಮೇಲ್ಭಾಗ ಬೂದಿ ಬಣ್ಣಕ್ಕೆ ತಿರುಗಿದ ಮೇಲೆ ಇಕ್ಕಳದಿಂದ ಹಿಡಿದು ಸಾಲಿನ ಒಂದು ತುದಿಗೆ ಮಾತ್ರ ಇಡಿ. ಬೆಂಕಿ ಒಂದರಿಂದ ಇನ್ನೊಂದಕ್ಕೆ ತಾನೇ ದಾಟುತ್ತಾ ಆರು ಗಂಟೆಗೂ ಮಿಕ್ಕಿ ಸಾಗುತ್ತದೆ. ನಡುವೆ ಒಂದು ಅಗಲ ತಟ್ಟೆಯಲ್ಲಿ ನೀರಿಟ್ಟು, ಅದರ ಮೇಲಿನ ಸರಳುಗಳ ಮೇಲೆ ಮಾಂಸವಿಟ್ಟು ಮುಚ್ಚಿ. ನೀರು ಕುದಿಯುವ ಹದವನ್ನು ಮೀರಿ ಬಿಸಿಯಾಗದು, ಆದ್ದರಿಂದ ಅದು ಕಾವಿನ ಏರಿಳಿತವನ್ನು ಹೀರಿಕೊಳ್ಳುತ್ತದೆ. ಜೊತೆಗೆ ತೊಟ್ಟಿಕ್ಕುವ ಕೊಬ್ಬನ್ನೂ ಹಿಡಿಯುತ್ತದೆ. ಮೇಲಿನ ಕಿಂಡಿಯನ್ನು ತೆರೆದೇ ಬಿಟ್ಟು ಕೆಳಗಿನದರಿಂದ ಮಾತ್ರ ಕಾವನ್ನು ನಿಯಂತ್ರಿಸಿ. ಮೇಲಿನದನ್ನು ಮುಚ್ಚಿದರೆ ಹೊಗೆ ಒಳಗೇ ಕಮರಿ ಮಾಂಸಕ್ಕೆ ಕಹಿ ಹತ್ತುತ್ತದೆ.

ಹೊಗೆಯ ಬಣ್ಣವನ್ನು ಗಮನಿಸುವುದನ್ನು ಅಭ್ಯಾಸ ಮಾಡಿಕೊಳ್ಳಿ. ಕಿಂಡಿಯಿಂದ ದಟ್ಟವಾದ ಬಿಳಿ ಹೊಗೆ ಸುರುಳಿ ಸುರುಳಿಯಾಗಿ ಬರುತ್ತಿದ್ದರೆ ಸೌದೆ ಸರಿಯಾಗಿ ಉರಿಯುತ್ತಿಲ್ಲ, ಆಗ ಮಾಂಸ ಇಡಬೇಡಿ. ತೆಳುವಾಗಿ, ಇದೆಯೋ ಇಲ್ಲವೋ ಎನ್ನುವಂತೆ ನಸುನೀಲಿಯಾಗಿ ಏಳುವುದೇ ಬೇಕಾದ ಹೊಗೆ. ಮರದ ತುಂಡುಗಳನ್ನು ನೀರಿನಲ್ಲಿ ನೆನೆಸಬೇಕೆಂದು ಅನೇಕರು ಹೇಳುತ್ತಾರೆ. ನಾನು ನೆನೆಸುವುದಿಲ್ಲ. ಆ ನೀರು ಆವಿಯಾಗಿ ಹೋಗುವವರೆಗೆ ಸಿಗುವುದು ಹಬೆಯೇ ಹೊರತು ಹೊಗೆಯಲ್ಲ. ಪೈನ್‌ನಂಥ ಅಂಟು ಸೂಸುವ ಮರ, ಬಣ್ಣ ಹಚ್ಚಿದ ಅಥವಾ ರಾಸಾಯನಿಕ ಉಣಿಸಿದ ಹಲಗೆ ಯಾವುದೂ ಬೇಡ.

ಮೊದಲ ಬಾರಿ ದೊಡ್ಡ ತುಂಡೊಂದನ್ನು ಹೊಗೆಗಿಟ್ಟಾಗ ನಿಮಗೆ ಗಾಬರಿಯಾಗುವ ಒಂದು ಘಟ್ಟವಿದೆ. ಮಾಂಸದ ಒಳಗಿನ ಕಾವು 65–75 ಡಿಗ್ರಿಯ ಆಸುಪಾಸಿಗೆ ಬಂದು ಗಂಟೆಗಟ್ಟಲೆ ಅಲ್ಲೇ ನಿಂತುಬಿಡುತ್ತದೆ. ಬೆಂಕಿ ಆರಿತೆಂದು ಕಿಂಡಿ ತೆರೆಯಬೇಡಿ. ಮಾಂಸದ ಮೇಲ್ಮೈಯಿಂದ ತೇವ ಆರುತ್ತಾ ಬಂದಷ್ಟು ಕಾವನ್ನೂ ಒಯ್ಯುತ್ತಿರುತ್ತದೆ, ಅಷ್ಟೇ. ಗಟ್ಟಿ ತುಂಡುಗಳ ನಾರನ್ನು ಬಿಗಿಹಿಡಿದಿರುವ ಕೊಲಾಜನ್ ಕರಗಿ ಮೆತ್ತಗಾಗಲು ಹೇಗೂ ಆ ಸಮಯ ಬೇಕು. ಒಳಗೆ 90–95 ಡಿಗ್ರಿ ತಲುಪಿದಾಗ ಕಡ್ಡಿ ಚುಚ್ಚಿದರೆ ತಡೆಯಿಲ್ಲದೆ ಇಳಿಯುತ್ತದೆ.

ಈಗ ಗ್ಯಾಸ್ ವಿಚಾರ. ಕೆಲಸದ ದಿನಗಳಲ್ಲಿ ಅದಕ್ಕೆ ಸಾಟಿಯಿಲ್ಲ ಎಂಬುದನ್ನು ಒಪ್ಪಲೇಬೇಕು: ಗುಂಡಿ ತಿರುಗಿಸಿದ ಹತ್ತು ನಿಮಿಷಕ್ಕೆ ಸರಳು ಕಾಯುತ್ತದೆ, ಬೂದಿಯ ರಗಳೆಯಿಲ್ಲ. ಆದರೆ ಹೊಗೆಯ ಅಡುಗೆಗೆ ಅದು ಹೇಳಿ ಮಾಡಿಸಿದ್ದಲ್ಲ. ಬರ್ನರ್‌ಗಳಿಗೆ ಧಾರಾಳವಾಗಿ ಗಾಳಿ ಬೇಕು, ಉರಿದ ಅನಿಲ ಹೊರಹೋಗಬೇಕು. ಅದಕ್ಕಾಗಿ ಹಿಂಭಾಗದಲ್ಲಿ ಉದ್ದಕ್ಕೂ ಸಂದು ಬಿಟ್ಟಿರುತ್ತಾರೆ, ಚಿಕ್ಕ ಪೆಟ್ಟಿಗೆಯಲ್ಲಿ ಮರದ ಚಕ್ಕೆಯಿಟ್ಟು ಎಬ್ಬಿಸಿದ ಹೊಗೆ ಆ ದಾರಿಯಲ್ಲೇ ಹೊರಟುಹೋಗುತ್ತದೆ. ಸಂಜೆಯ ಆತುರವೇ ನಿಮಗೆ ದೊಡ್ಡದಾಗಿದ್ದರೆ ಗ್ಯಾಸನ್ನೇ ಕೊಳ್ಳಿ. ಆದರೆ ಮೂರು ಬರ್ನರ್‌ಗಿಂತ ಕಡಿಮೆಯದು ಬೇಡ. ಒಂದು ಪಕ್ಕದ್ದನ್ನು ಉರಿಸಿ ಉಳಿದವನ್ನು ಆರಿಸಿ, ಆರಿದ ಕಡೆ ಮಾಂಸವಿಡಲು ಜಾಗ ಸಿಗಬೇಕು. ಬಿ.ಟಿ.ಯು. ಎಂಬ ಶಾಖದ ಅಳತೆಯ ಸಂಖ್ಯೆ ನೋಡಿ ಮರುಳಾಗಬೇಡಿ. ಅದು ಎಷ್ಟು ಗ್ಯಾಸ್ ಸುಡುತ್ತದೆ ಎಂಬುದರ ಲೆಕ್ಕ, ಸರಳಿಗೆ ಎಷ್ಟು ಕಾವು ತಲುಪುತ್ತದೆ ಎಂಬುದರ ಲೆಕ್ಕವಲ್ಲ.

ತುಕ್ಕಿನ ಬಗ್ಗೆ ನಿಮಗೆ ಕಹಿ ಅನುಭವ ಇರುವುದರಿಂದ ಒಂದು ಮಾತು. ಗ್ಯಾಸ್ ಗ್ರಿಲ್‌ನಲ್ಲಿ ಮೊದಲು ಸಾಯುವುದು ತಳದ ಪೆಟ್ಟಿಗೆ ಮತ್ತು ಬರ್ನರ್ ಕೊಳವೆಗಳು. ಜಿಡ್ಡು, ಉಪ್ಪು, ತೇವ ಮೂರೂ ಅಲ್ಲಿಯೇ ಸೇರುತ್ತವೆ. ತಳದ ಪೆಟ್ಟಿಗೆ ಎರಕದ ಅಲ್ಯೂಮಿನಿಯಂನದಾಗಿದ್ದರೆ ತುಕ್ಕಿನ ಮಾತೇ ಇಲ್ಲ. ಸ್ಟೇನ್‌ಲೆಸ್ ಸ್ಟೀಲ್ ಎಂದು ಬರೆದಿದ್ದರೆ ಜೇಬಿನಲ್ಲೊಂದು ಅಯಸ್ಕಾಂತ ಇಟ್ಟುಕೊಂಡು ಹೋಗಿ. 430 ದರ್ಜೆಯ ಉಕ್ಕು ಅದನ್ನು ಗಟ್ಟಿಯಾಗಿ ಹಿಡಿಯುತ್ತದೆ, 304 ದರ್ಜೆಯದು ಹಿಡಿಯುವುದಿಲ್ಲ ಅಥವಾ ಬಾಗಿಸಿದ ಅಂಚುಗಳಲ್ಲಿ ಸ್ವಲ್ಪ ಮಾತ್ರ ಹಿಡಿಯುತ್ತದೆ. ತುಕ್ಕನ್ನು ಹೆಚ್ಚು ತಡೆಯುವುದು 304. ಕೆಟಲ್ ಕೊಂಡರೆ ದಪ್ಪ ಎನಾಮೆಲ್ ಲೇಪನದ್ದನ್ನು ಆರಿಸಿ, ಬೂದಿಯನ್ನು ತಳದಲ್ಲಿ ವಾರಗಟ್ಟಲೆ ಬಿಡಬೇಡಿ. ಬೂದಿ ತೇವ ಹೀರಿಕೊಂಡು ಲೋಹವನ್ನು ತಿನ್ನುತ್ತದೆ.

ಪೆಲೆಟ್ ಗ್ರಿಲ್ ಬಗ್ಗೆ ನನ್ನ ನಿಲುವು ಸ್ವಲ್ಪ ಬಿರುಸಾಗಿಯೇ ಇದೆ. ಮರದ ಹೊಟ್ಟನ್ನು ಒತ್ತಿ ಮಾಡಿದ ಚಿಕ್ಕ ಗುಳಿಗೆಗಳನ್ನು ತಿರುಪೊಂದು ಬೆಂಕಿಯ ಬಟ್ಟಲಿಗೆ ತಳ್ಳುತ್ತದೆ, ಫ್ಯಾನ್ ಗಾಳಿ ಊದುತ್ತದೆ, ನಿಯಂತ್ರಕ ಕಾವನ್ನು ನೋಡಿಕೊಳ್ಳುತ್ತದೆ. ಅಂದರೆ ಅದು ಸೌದೆಯಲ್ಲಿ ಉರಿಯುವ ಓವನ್. ರಾತ್ರಿಯಿಡೀ ಬೆಂಕಿ ಕಾಯಲು ಮನಸ್ಸಿಲ್ಲದವರಿಗೆ ವರದಾನವೇ ಸರಿ. ಆದರೆ ಹೊಗೆಯ ರುಚಿ ಸೌಮ್ಯ. ಹಲವು ಮಾದರಿಗಳು 230–260 ಡಿಗ್ರಿಯ ಆಚೆ ಹೋಗುವುದಿಲ್ಲವಾದ್ದರಿಂದ ಮಾಂಸದ ಮೇಲೆ ಚುರುಕ್ಕೆಂದು ಕಂದು ಪದರ ಬರುವುದೂ ಕಷ್ಟ. ವಿದ್ಯುತ್ ಹೋದರೆ ಅಡುಗೆ ನಿಂತಂತೆ. ಗುಳಿಗೆಗಳು ತೇವ ಹಿಡಿದರೆ ಉಬ್ಬಿ ಪುಡಿಯಾಗಿ ತಿರುಪಿನಲ್ಲಿ ಕಚ್ಚಿಕೊಳ್ಳುತ್ತವೆ. ಅದನ್ನು ಬಿಚ್ಚಿ ಕೆರೆದು ತೆಗೆಯುವುದು ಯಾರಿಗೂ ಬೇಡವಾದ ಕೆಲಸ.

ಕಮಾಡೊ ವಿಷಯದಲ್ಲಿ ಮಾತ್ರ ನನಗೂ ಆಸೆಯಿದೆ. ಜಪಾನಿನ ಹಳೆಯ ಒಲೆಯಿಂದ ಬಂದ ದಪ್ಪ ಸೆರಾಮಿಕ್ ಗೋಡೆಯ ಗ್ರಿಲ್ ಅದು. ಒಮ್ಮೆ ತುಂಬಿಸಿದ ಇದ್ದಿಲಿನಲ್ಲಿ ಗಂಟೆಗಟ್ಟಲೆ ನಿಲ್ಲುತ್ತದೆ, ಬೇಕೆಂದಾಗ ಕುಲುಮೆಯಂತೆ ಕಾಯುತ್ತದೆ. ತೊಂದರೆಯೆಂದರೆ ಒಮ್ಮೆ ಕಾವು ಮೀರಿದರೆ ಬೇಗ ಇಳಿಯುವುದಿಲ್ಲ. ಒಳಗೆ ಜಾಗ ಕಿರಿದಾದ್ದರಿಂದ ಒಂದು ಕಡೆ ಬೆಂಕಿ, ಇನ್ನೊಂದು ಕಡೆ ಬರಿದು ಎಂದು ಹಂಚಿಕೊಳ್ಳುವುದೂ ಸಲೀಸಲ್ಲ. ಭಾರ ಬೇರೆ, ಬಿದ್ದರೆ ಬಿರುಕು ಬೇರೆ. ಕಿಂಡಿ ಮುಚ್ಚಿ ಬೆಂಕಿ ಉಸಿರುಗಟ್ಟಿದ್ದಾಗ ಮುಚ್ಚಳವನ್ನು ಒಮ್ಮೆಲೇ ತೆರೆದರೆ ಜ್ವಾಲೆ ಮುಖಕ್ಕೆ ಚಿಮ್ಮಬಹುದು. ಎರಡು ಬೆರಳಿನಷ್ಟು ಎತ್ತಿ, ಕೆಲವು ಕ್ಷಣ ಗಾಳಿ ಕುಡಿಸಿ, ಆಮೇಲೆ ಪೂರ್ತಿ ತೆರೆಯಬೇಕು. ಮೊದಲು ಕೆಟಲ್‌ನಲ್ಲಿ ಕೈ ಪಳಗಲಿ, ಆಸೆ ಉಳಿದಿದ್ದರೆ ಆಗ ನೋಡಿ.

ಪಕ್ಕದಲ್ಲಿ ಬೆಂಕಿಪೆಟ್ಟಿಗೆಯಿರುವ ಅಡ್ಡ ಡ್ರಮ್ಮಿನ ಆಫ್‌ಸೆಟ್ ಸ್ಮೋಕರ್ ನೋಡಲು ಗಂಭೀರವಾಗಿರುತ್ತದೆ. ಆರು ಮಿಲಿಮೀಟರ್ ದಪ್ಪದ ಉಕ್ಕಿನದಾದರೆ ಅದು ನಿಜಕ್ಕೂ ಗಂಭೀರವೇ. ತೆಳು ತಗಡಿನದಾದರೆ ಸಂದುಗೊಂದುಗಳಿಂದ ಕಾವು ಸೋರಿ, ಅರ್ಧ ಗಂಟೆಗೊಮ್ಮೆ ಸೌದೆ ಹಾಕುವುದೇ ನಿಮ್ಮ ರಜೆಯಾಗುತ್ತದೆ. ಅಗ್ಗದ ಆಫ್‌ಸೆಟ್ ಕೊಳ್ಳುವುದಕ್ಕಿಂತ ಏನೂ ಕೊಳ್ಳದಿರುವುದು ಮೇಲು. ವಿದ್ಯುತ್ ಸ್ಮೋಕರ್‌ನಲ್ಲಿ ಮೀನು, ಚೀಸ್ ಚೆನ್ನಾಗಿ ಆಗುತ್ತವೆ, ಆದರೆ ಅದು ಗ್ರಿಲ್ ಅಲ್ಲ. ನಿಮ್ಮ ಪ್ರಶ್ನೆಗೆ ಅದು ಹೊರತು.

ಗ್ರಿಲ್ ಯಾವುದೇ ಇರಲಿ, ಉಳಿದ ಹಣದಲ್ಲಿ ಎರಡು ಸಾಮಾನು ಕೊಳ್ಳಿ. ಒಂದು, ಕೆಂಡ ಹೊತ್ತಿಸುವ ಲೋಹದ ಚಿಮಣಿ. ಕೆಳಗೆ ಎರಡು ಹಾಳೆ ಕಾಗದ, ಮೇಲೆ ಇದ್ದಿಲು, ಇಷ್ಟಿದ್ದರೆ ಸೀಮೆಎಣ್ಣೆ ವಾಸನೆಯ ದ್ರವದ ಹಂಗಿಲ್ಲ. ಎರಡು, ಮಾಂಸಕ್ಕೆ ಚುಚ್ಚುವ ಡಿಜಿಟಲ್ ಥರ್ಮಾಮೀಟರ್. ಮುಚ್ಚಳದ ಮೇಲೆ ಕೂರಿಸಿರುವ ಗಡಿಯಾರದಂಥದ್ದು ಹೇಳುವುದು ಮುಚ್ಚಳದ ಕೆಳಗಿನ ಗಾಳಿಯ ಕಾವನ್ನು, ಮಾಂಸವಿರುವ ಮಟ್ಟದ್ದನ್ನಲ್ಲ. ಕೋಳಿ ಒಳಗೆ 74 ಡಿಗ್ರಿ, ಕೊಚ್ಚಿದ ಮಾಂಸ 71 ಡಿಗ್ರಿ ಮುಟ್ಟಲೇಬೇಕು. ಬಣ್ಣ ನೋಡಿ ತೀರ್ಮಾನಿಸುವ ವಿಷಯ ಇದಲ್ಲ.

ಸುರಕ್ಷತೆಯಲ್ಲಿ ರಾಜಿಯಾಗದ ಸಂಗತಿ ಒಂದಿದೆ. ಮಳೆ ಬಂತೆಂದು ಗ್ರಿಲ್ಲನ್ನು ಮನೆಯೊಳಗೆ ಅಥವಾ ಗ್ಯಾರೇಜಿಗೆ ತಳ್ಳಿಕೊಂಡು ಹೋಗಬೇಡಿ. ಹೊಗೆ ಕಾಣದಿದ್ದರೂ ಕೆಂಡದಿಂದ ಕಾರ್ಬನ್ ಮೊನಾಕ್ಸೈಡ್ ಬರುತ್ತಲೇ ಇರುತ್ತದೆ, ಅದಕ್ಕೆ ವಾಸನೆಯಿಲ್ಲ. ಗ್ಯಾಸ್ ಆದರೆ ಸಿಲಿಂಡರ್ ಬದಲಿಸಿದಾಗಲೆಲ್ಲ ಜೋಡಣೆಗಳಿಗೆ ಸೋಪಿನ ನೀರು ಹಚ್ಚಿ ಗುಳ್ಳೆ ಏಳುತ್ತದೆಯೇ ನೋಡಿ. ಸರಳು ಉಜ್ಜಲು ತಂತಿಯ ಬ್ರಷ್ ಬಳಸಬೇಡಿ. ಉದುರಿದ ಎಳೆ ಊಟದಲ್ಲಿ ಸೇರಿ ಗಂಟಲಿಗೆ ಚುಚ್ಚಿಕೊಂಡ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿವೆ.

ಪೆಟ್ಟಿಗೆ ಬಿಚ್ಚಿದ ದಿನವೇ ಅಡುಗೆಗೆ ಇಳಿಯಬೇಡಿ. ಮೊದಲ ಬೆಂಕಿಯನ್ನು ಬರಿದಾಗಿ, ಕಿಂಡಿಗಳನ್ನು ಪೂರ್ತಿ ತೆರೆದು ಒಂದು ಗಂಟೆ ಉರಿಸಿ, ಕಾರ್ಖಾನೆಯ ಎಣ್ಣೆಯ ವಾಸನೆ ಹೋಗಲಿ. ಎರಡನೆಯ ಬೆಂಕಿಗೆ ಕೋಳಿಯ ಕಾಲುಗಳನ್ನಿಡಿ. ಕೆಂಡವನ್ನೆಲ್ಲ ಒಂದು ಬದಿಗೆ ಒತ್ತರಿಸಿ, ಕಾಲುಗಳನ್ನು ಇನ್ನೊಂದು ಬದಿಯಲ್ಲಿ ಮುಚ್ಚಿ ಬೇಯಿಸಿ, ಕೊನೆಯ ಕೆಲವು ನಿಮಿಷ ಮಾತ್ರ ಚರ್ಮ ಗರಿಗರಿಯಾಗಲು ಕೆಂಡದ ಮೇಲೆ ತಂದರೆ ಸಾಕು. ಸ್ವಲ್ಪ ಹೆಚ್ಚು ಬೆಂದರೂ ಅವು ಒಣಗುವುದಿಲ್ಲ, ಆದ್ದರಿಂದ ನಿಶ್ಚಿಂತೆಯಿಂದ ಕಿಂಡಿಗಳನ್ನು ಹಿಂದೆ ಮುಂದೆ ಜರುಗಿಸಿ ಕಾವು ಹೇಗೆ ಬದಲಾಗುತ್ತದೆ ಎಂದು ನೋಡಿಕೊಳ್ಳಬಹುದು. ದೊಡ್ಡ ತುಂಡಿನ ಹೊಗೆಯ ಅಡುಗೆಯನ್ನು ಅದಾದ ಮೇಲೆ ಇಟ್ಟುಕೊಳ್ಳಿ.