ಸೀಳಿದ ನಳಿಗೆಯ ಕೋವಿ, ಕೂಗುವ ಮರ

ಅಡೂರಿನ ಓದುಗರೊಬ್ಬರು ಬರೆದಿದ್ದಾರೆ: "ಹಿಂದಿನ ಸಂಚಿಕೆಯಲ್ಲಿ ನರಭಕ್ಷಕ ಹುಲಿಗಳ ಬೇಟೆಗಾರ ಜಿಮ್ ಕಾರ್ಬೆಟ್ ಅವರ ಮೀನಿನ ಹುಚ್ಚಿನ ಬಗ್ಗೆ ಓದಿದೆ. ನನ್ನ ಮಗ ಆರನೇ ಕ್ಲಾಸು. ಶಾಲೆ ಬಿಟ್ಟರೆ ಸಾಕು, ಗಾಳ ಹಿಡಿದು ಪಯಸ್ವಿನಿ ಹೊಳೆ ಕಡೆ ಓಟ. ಬೈದರೆ ಈಗ ಕಾರ್ಬೆಟ್ ಹೆಸರು ಹೇಳುತ್ತಾನೆ. ಅವರು ದೊಡ್ಡ ಸಾಹೇಬರ ಮಗ, ಕಾಡು ಹೊಳೆ ಸುತ್ತಿದರೂ ನಡೆಯುತ್ತಿತ್ತು. ನಮ್ಮ ಮಕ್ಕಳಿಗೆ ಇದೆಲ್ಲ ಆಗ್ತದಾ?"

ಮಾನ್ಯರೇ,

ಬಿಳಿಯರ ಮನೆಯಲ್ಲಿ ಹುಟ್ಟಿದ್ದಕ್ಕೆ ಅನುಕೂಲ ಇದ್ದದ್ದು ನಿಜ. ಆದರೆ ದೊಡ್ಡ ಸಾಹೇಬರ ಮನೆಯೇನೂ ಅಲ್ಲ. ಅಪ್ಪ ನೈನಿತಾಲಿನ ಪೋಸ್ಟ್ ಮಾಸ್ಟರ್. ಜಿಮ್ ಹುಟ್ಟಿದ್ದು 1875ರ ಜುಲೈಯಲ್ಲಿ. 1881ರಲ್ಲಿ, ಹುಡುಗನಿಗೆ ಆರು ತುಂಬುವ ಮೊದಲೇ, ಅಪ್ಪ ತೀರಿಕೊಂಡರು. ಮನೆ ತುಂಬ ಮಕ್ಕಳು. ತಾಯಿ ಮೇರಿ ಜೇನ್ ಊರಿಗೆ ಬಂದವರಿಗೆ ಬಾಡಿಗೆ ಮನೆ ಕೊಡಿಸುವ ವ್ಯವಹಾರ ಮಾಡಿ ಸಂಸಾರ ತೂಗಿಸಿದರು.

ಚಳಿಗಾಲಕ್ಕೆ ಎಲ್ಲರೂ ಬೆಟ್ಟ ಇಳಿದು ಕಾಲಾಢುಂಗಿಗೆ ಬರುತ್ತಿದ್ದರು. ಅಲ್ಲಿ ಮನೆ ಪಕ್ಕವೇ ಕಾಡು. ಜಿಮ್ ಮೊದಲು ಹಿಡಿದದ್ದು ರಬ್ಬರಿನ ಕವಣೆ, ಅಣ್ಣ ಟಾಮ್ ಕೊಟ್ಟದ್ದು. ಆಮೇಲೆ ಸಿಕ್ಕಿದ್ದು ಮದ್ದು ಜಡಿಯುವ ಜೋಡು ನಳಿಗೆಯ ಹಳೇ ಕೋವಿ. ಬಲಗಡೆಯ ನಳಿಗೆ ಸೀಳಿತ್ತು. ಹಿಡಿಯನ್ನು ಹಿತ್ತಾಳೆ ತಂತಿ ಸುತ್ತಿ ಬಿಗಿದಿದ್ದರು. ಒಂದೇ ಈಡು, ತಪ್ಪಿದರೆ ಮತ್ತೆ ಮದ್ದು ಜಡಿಯಬೇಕು. ಹಾಗಾಗಿ ತೀರಾ ಹತ್ತಿರ ಹೋಗದೆ ಗತಿಯಿಲ್ಲ. ತರಗೆಲೆ ಸದ್ದಾಗದ ಹಾಗೆ ಕಾಲಿಡುವುದು, ಯಾವ ಹಕ್ಕಿ ಯಾಕೆ ಕೂಗಿತು ಅಂತ ಕಿವಿಗೊಡುವುದು, ಇದೆಲ್ಲ ಬಂದದ್ದು ಹಾಗೆ. ಕುಂವರ್ ಸಿಂಗ್ ಎಂಬ ಊರ ಮುಖ್ಯಸ್ಥನೂ ಕಾಡಿನ ಪಾಠ ಹೇಳಿಕೊಟ್ಟ. ಆಸಾಮಿ ಕದ್ದು ಬೇಟೆಯಾಡುವುದರಲ್ಲಿ ಪಳಗಿದವನು!

ನನಗೆ ಜಾಸ್ತಿ ಇಷ್ಟವಾದದ್ದು ಇನ್ನೊಂದು ಸಂಗತಿ. ಡ್ಯಾನ್ಸಿ ಎಂಬ ಐರಿಷ್‌ನವನೊಬ್ಬ ಮಕ್ಕಳಿಗೆ ದೆವ್ವದ ಕಥೆ ಹೇಳುತ್ತಿದ್ದ. ಕಾಡಲ್ಲಿ ಕಿರುಚುವ ಬಾನ್ಶೀ ಎಂಬ ಹೆಣ್ಣು ದೆವ್ವ ಅಂದರೆ ಜಿಮ್‌ಗೆ ಜೀವಭಯ. ಒಂದು ದಿನ ಗಾಳಿ ಬೀಸುವಾಗ ಅದೇ ಕಿರುಚಾಟ ಕೇಳಿಸಿತು. ಓಡಿಹೋಗಬೇಕಿದ್ದ ಹುಡುಗ ಸದ್ದು ಬಂದ ಕಡೆಗೇ ಮೆಲ್ಲ ಹೋದ. ನೋಡಿದರೆ, ಒಂದು ಮರ ವಾಲಿ ಇನ್ನೊಂದಕ್ಕೆ ಒರಗಿದೆ. ಗಾಳಿಗೆ ಎರಡೂ ಉಜ್ಜಿಕೊಂಡು ಕಿರುಚುತ್ತಿವೆ. ಆಮೇಲೆ ಕಾಡಲ್ಲಿ ಏನೇ ವಿಚಿತ್ರ ಕೇಳಿದರೂ ಹೋಗಿ ನೋಡುವುದೇ ಅಭ್ಯಾಸವಾಯಿತು. ಮುಂದೆ ನರಭಕ್ಷಕ ಹುಲಿಗಳ ಹಿಂದೆ ಒಬ್ಬರೇ ನಡೆದವರಿಗೆ ಈ ಅಭ್ಯಾಸ ಸೀಳಿದ ಕೋವಿಗಿಂತ ದೊಡ್ಡ ಆಸ್ತಿ ಅಂತ ನನ್ನ ಲೆಕ್ಕ.

ಕಾಡು ಸುತ್ತಿದ ಅಂತ ಶಾಲೆ ಬಿಡಲಿಲ್ಲ. ನೈನಿತಾಲಿನಲ್ಲಿ ಓದು ಮುಗಿಸಿ, ಹದಿಹರೆಯದಲ್ಲೇ ರೈಲ್ವೆ ಕೆಲಸಕ್ಕೆ ಸೇರಿದರು. ಇದನ್ನೂ ಮಗನಿಗೆ ಹೇಳಿ, ಬೇಕಂತಲೇ ಬಿಟ್ಟಿರುತ್ತಾನೆ!

ಗಾಳ ಕಿತ್ತುಕೊಳ್ಳಬೇಡಿ. ಮಳೆಗಾಲದಲ್ಲಿ ಹೊಳೆಗೆ ಒಬ್ಬನೇ ಇಳಿಯದ ಹಾಗೆ ನೋಡಿಕೊಂಡರೆ ಸಾಕು. ಕಾರ್ಬೆಟ್ ಮನಸೋತ ಮಹಶೀರ್ ಮೀನಿನ ಬಳಗ ನಿಮಗೆ ದೂರವೇನಲ್ಲ. ಜಾಲ್ಸೂರು, ಸುಳ್ಯ ದಾಟಿ ಅರಂತೋಡಿನಲ್ಲಿ ತಿರುಗಿದರೆ ತೊಡಿಕಾನ. ದೇವಸ್ಥಾನದ ಹತ್ತಿರದ ಹೊಳೆಯಲ್ಲಿ ಕೈಗೆಟಕುವಷ್ಟು ಹತ್ತಿರ ಬರುತ್ತವೆ. ಒಂದು ಭಾನುವಾರ ಕರೆದುಕೊಂಡು ಹೋಗಿ. ಗಾಳ ಮಾತ್ರ ಮನೆಯಲ್ಲೇ ಇರಲಿ. ಅವು ದೇವರ ಮೀನುಗಳು, ಹಿಡಿಯುವ ಹಾಗಿಲ್ಲ.

— ಸಂಪಾದಕ