ಆರು ವರ್ಷ ಹೋಟೆಲ್ ಕೆಲಸ ಮಾಡಿ ಈಗ ಸಾಫ್ಟ್‌ವೇರ್‌ಗೆ ಬರಬಹುದಾ?

ಆರು ವರ್ಷ ಹೋಟೆಲ್ ಕೆಲಸದಲ್ಲೇ ಕಳೆದಿದ್ದೀರಿ, ಕಂಪ್ಯೂಟರ್ ಡಿಗ್ರಿ ಇಲ್ಲ, ಈಗ ಪ್ರೋಗ್ರಾಮಿಂಗ್ ಕಲಿತರೆ ಕೆಲಸ ಸಿಗುತ್ತಾ, ಇಷ್ಟು ವರ್ಷ ದಂಡವಾಯ್ತಾ ಅಂತ ಕೇಳಿದ್ದೀರಿ. ಸಿಗುತ್ತೆ. ನನಗೂ ಡಿಗ್ರಿ ಇರಲಿಲ್ಲ, ಸಿಕ್ಕಿದೆ. ದಂಡವಾಗಿಲ್ಲ ಅನ್ನುವುದನ್ನು ಮಾತ್ರ ಸ್ವಲ್ಪ ಬಿಡಿಸಿ ಹೇಳಬೇಕು.

ನಾನು ಶುರು ಮಾಡಿದ್ದು ಟೇಬಲ್ ಒರೆಸುವ ಕೆಲಸದಿಂದ. ಆಮೇಲೆ ಆರ್ಡರ್ ತೆಗೆದುಕೊಳ್ಳುವುದು, ಅದಾದ ಮೇಲೆ ರಿಸೆಪ್ಷನ್, ಕೊನೆಗೆ ನೈಟ್ ಆಡಿಟ್. ನೈಟ್ ಆಡಿಟ್ ನಿಮಗೆ ಗೊತ್ತೇ ಇರುತ್ತೆ, ಗೊತ್ತಿಲ್ಲದವರಿಗೆ ಹೇಳುತ್ತೇನೆ: ರೂಮು, ರೆಸ್ಟೋರೆಂಟ್, ಲಾಂಡ್ರಿ ಎಲ್ಲದರ ಬಿಲ್ಲು ಕೂಡಿ, ತಾಳೆ ನೋಡಿ, ಆ ದಿನದ ಲೆಕ್ಕ ಮುಚ್ಚುವುದು. ಮೂರು ಕಡೆಯ ರಿಪೋರ್ಟ್‌ಗಳನ್ನು ಕೈಯಲ್ಲೇ ಎಕ್ಸೆಲ್‌ಗೆ ಹಾಕುತ್ತಿದ್ದೆ. ದಿನಾ ಎರಡು ಗಂಟೆ. ಒಂದು ಫಾರ್ಮುಲಾ ಹುಡುಕಲು ಹೋಗಿ ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆ ಕಣ್ಣಿಗೆ ಬಿತ್ತು.

ಹಾರ್ವರ್ಡ್ ವಿಶ್ವವಿದ್ಯಾಲಯದ ಸಿಎಸ್50 ಅನ್ನೋ ಕಂಪ್ಯೂಟರ್ ಸೈನ್ಸ್ ಕೋರ್ಸಿನ ಪಾಠಗಳು ಆನ್‌ಲೈನ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಅದನ್ನು ಹಿಡಿದೆ. ಅದರಲ್ಲಿ ಸಿ ಭಾಷೆಯ ಪಾಯಿಂಟರ್ (ಮಾಹಿತಿ ಮೆಮೊರಿಯಲ್ಲಿ ಎಲ್ಲಿದೆ ಅನ್ನೋ ವಿಳಾಸ) ಹತ್ತಿರ ಬಂದು ಎರಡು ಸಲ ಬಿಟ್ಟೆ. ಪಾಠ ನೋಡುವಾಗ ಎಲ್ಲ ಅರ್ಥವಾದ ಹಾಗೆ ಇರುತ್ತೆ, ಖಾಲಿ ಫೈಲ್ ಮುಂದೆ ಕೂತರೆ ಕೈ ಓಡಲ್ಲ. ಕೈ ಓಡಿದ್ದು ನನ್ನದೇ ರಾತ್ರಿ ರಿಪೋರ್ಟ್‌ಗೆ ಪ್ರೋಗ್ರಾಂ ಬರೆಯಲು ಕೂತ ಮೇಲೆ.

ಆ ಪ್ರೋಗ್ರಾಂ ಮೊದಲ ರಾತ್ರಿಯೇ ‘ತಾಳೆ ಇಲ್ಲ’ ಅಂತ ತೋರಿಸಿತು. ನನ್ನ ಕಣ್ಣಿಗೆ ಎರಡೂ ಮೊತ್ತ ಒಂದೇ. ಬೆಳಗಿನ ನಾಲ್ಕು ಗಂಟೆಯವರೆಗೆ ಬಿಲ್ಲುಗಳನ್ನೇ ತಿರುವಿ ಹಾಕಿದೆ. ತಪ್ಪು ಬಿಲ್ಲಲ್ಲಿ ಇರಲಿಲ್ಲ. ಪೈಥಾನ್‌ನಲ್ಲಿ 0.1 + 0.2 ಹಾಕಿ ನೋಡಿ, 0.30000000000000004 ಅಂತ ಬರುತ್ತೆ. ನಾವು ಮೂರನೇ ಒಂದು ಭಾಗವನ್ನು 0.333 ಅಂತ ಎಷ್ಟು ಬರೆದರೂ ಮುಗಿಯಲ್ಲ ಅಲ್ವಾ? ಸೊನ್ನೆ, ಒಂದು ಎರಡೇ ಅಂಕಿ ಬಳಸುವ ಕಂಪ್ಯೂಟರ್‌ನ ಲೆಕ್ಕದಲ್ಲಿ 0.1ಕ್ಕೂ ಅದೇ ಗತಿ. ಅದಕ್ಕೇ ದುಡ್ಡಿನ ಲೆಕ್ಕಕ್ಕೆ ಡೆಸಿಮಲ್ ಅನ್ನೋ ಬೇರೆ ವಿಧಾನ ಇದೆ. ಅದಕ್ಕೆ ಬದಲಾಯಿಸಿದೆ, ಲೆಕ್ಕ ತಾಳೆಯಾಯ್ತು. ಎರಡು ಗಂಟೆಯ ಕೆಲಸ ಕೆಲವೇ ನಿಮಿಷಕ್ಕೆ ಇಳಿಯಿತು. ಆ ಬೆಳಿಗ್ಗೆ ಮನೆಗೆ ಹೋಗಿ ಮಲಗಿದರೂ ನಿದ್ದೆ ಬರಲಿಲ್ಲ, ಅಷ್ಟು ಖುಷಿ.

ಆಮೇಲೆ ಎಸ್‌ಕ್ಯೂಎಲ್ ಕಲಿತೆ, ಡೇಟಾಬೇಸ್‌ನಿಂದ ಮಾಹಿತಿ ಕೇಳುವ, ಅದಕ್ಕೆ ಬರೆಯುವ ಭಾಷೆ. ಇದಕ್ಕೆ ಜಾಸ್ತಿ ಸಮಯ ಕೊಡಿ ಅಂತ ಎಲ್ಲರಿಗೂ ಹೇಳುತ್ತೇನೆ. 1970ರ ದಶಕದಲ್ಲಿ ಹುಟ್ಟಿದ ಭಾಷೆ, ಇವತ್ತಿಗೂ ಬುಕಿಂಗ್, ಬ್ಯಾಂಕ್, ಎಲ್ಲ ಕಡೆ ನಡೆಯುತ್ತಿದೆ. ಪ್ರೋಗ್ರಾಂನಲ್ಲಿ ಮಾಡಿದ ಪ್ರತಿ ಬದಲಾವಣೆಯ ದಾಖಲೆ ಇಡುವ ಗಿಟ್ ಅನ್ನೋ ಸಾಧನವನ್ನೂ ಬೇಗ ಕಲಿಯಿರಿ. ಶಿಫ್ಟ್ ಬಿಡುವಾಗ ಲಾಗ್ ಬುಕ್‌ನಲ್ಲಿ ‘204ರ ಗೆಸ್ಟ್‌ಗೆ ಐದಕ್ಕೆ ಎಬ್ಬಿಸಬೇಕು’ ಅಂತ ಬರೆದಿಡುವ ಅಭ್ಯಾಸ ನಿಮಗೆ ಇದ್ದೇ ಇರುತ್ತೆ. ಗಿಟ್‌ನಲ್ಲಿ ಒಳ್ಳೆಯ ಕಮಿಟ್ ಮೆಸೇಜ್, ಅಂದರೆ ಏನು ಬದಲಾಯಿಸಿದೆ ಅನ್ನೋ ಟಿಪ್ಪಣಿ, ಬರೆಯುವುದೂ ಅಂಥದ್ದೇ, ಮುಂದೆ ಬರುವವನಿಗೆ ಅರ್ಥವಾಗಬೇಕು.

ಈಗ ಆ ಆರು ವರ್ಷದ ವಿಷಯ. ರಿಸೆಪ್ಷನ್‌ನಲ್ಲಿದ್ದಾಗ ಒಂದು ರಾತ್ರಿ ಉಳಿದಿದ್ದು ಒಂದೇ ರೂಮು. ಬಂದವರು ಎರಡು ಕುಟುಂಬ. ಇಬ್ಬರ ಕೈಯಲ್ಲೂ ಬುಕಿಂಗ್ ಪಕ್ಕಾ ಆದ ಚೀಟಿ. ಒಬ್ಬ ತಾಯಿಯ ಹೆಗಲ ಮೇಲೆ ಮಗು ನಿದ್ದೆ ಹೋಗಿತ್ತು. ಅವರಿಗೆ ಕ್ಷಮೆ ಕೇಳಿ, ಬೇರೆ ಹೋಟೆಲ್‌ಗಳಿಗೆ ಫೋನ್ ಮಾಡಿ ರೂಮು ಹಿಡಿಯುವ ಹೊತ್ತಿಗೆ ಮುಕ್ಕಾಲು ಗಂಟೆ ಆಗಿತ್ತು. ಅಷ್ಟು ಹೊತ್ತೂ ಆಕೆ ನಿಂತೇ ಇದ್ದರು.

ಎಷ್ಟೋ ಕಾಲದ ನಂತರ ‘ರೇಸ್ ಕಂಡಿಷನ್’ ಅನ್ನೋ ಮಾತು ಓದಿದಾಗ ಆ ಮಗುವಿನ ನೆನಪಾಯ್ತು. ಎರಡು ಕಡೆಯಿಂದ ಒಂದೇ ಗಳಿಗೆಯಲ್ಲಿ ‘ರೂಮು ಖಾಲಿ ಇದೆಯಾ’ ಅಂತ ಕೇಳುತ್ತಾರೆ, ಇಬ್ಬರಿಗೂ ‘ಇದೆ’ ಅಂತ ಉತ್ತರ ಹೋಗುತ್ತೆ, ಇಬ್ಬರೂ ಬರೆದುಬಿಡುತ್ತಾರೆ. ಕೇಳುವುದು, ಬರೆಯುವುದು ಎರಡನ್ನೂ ಒಂದೇ ಟ್ರಾನ್ಸಾಕ್ಷನ್‌ನಲ್ಲಿ, ಅಂದರೆ ಬಿಡಿಸಲಾಗದ ಒಂದೇ ಕೆಲಸವಾಗಿ, ಕಟ್ಟಿ, ಅದು ಮುಗಿಯೋವರೆಗೆ ಡೇಟಾಬೇಸ್‌ನಲ್ಲಿ ಆ ರೂಮಿನ ಸಾಲನ್ನು ಬೇರೆಯವರು ಮುಟ್ಟದ ಹಾಗೆ ಲಾಕ್ ಹಾಕಬೇಕು. ಎರಡನೆಯವರು ಕಾಯುತ್ತಾರೆ, ‘ಇಲ್ಲ’ ಅನ್ನೋ ನಿಜವಾದ ಉತ್ತರ ಪಡೆಯುತ್ತಾರೆ. ಇಂಟರ್‌ವ್ಯೂನಲ್ಲಿ ಇದನ್ನೇ ಬೇರೆ ರೀತಿ ಕೇಳಿದರು. ನಾನು ಆ ರಾತ್ರಿಯಿಂದ ಶುರು ಮಾಡಿ ಲಾಕ್‌ವರೆಗೆ ಹೇಳಿದೆ. ಆ ಕೆಲಸವೇ ಸಿಕ್ಕಿತು.

ಅಲ್ಲಿಗೆ ಬರಲು ಎರಡೂವರೆ ವರ್ಷ ಹಿಡಿಯಿತು. ಹದಿನೆಂಟು ತಿಂಗಳು ಕಲಿಕೆ, ಉಳಿದದ್ದು ಅರ್ಜಿ ಹಾಕುವುದು, ಕಾಯುವುದು. ಹೆಚ್ಚಿನ ಅರ್ಜಿಗಳಿಗೆ ಉತ್ತರವೇ ಬರಲಿಲ್ಲ. ಅದು ತುಂಬಾ ನೋಯಿಸುತ್ತೆ. ಆರೇ ತಿಂಗಳು ಸಾಕು ಅನ್ನುವವರ ಮಾತು ನಂಬಿ ಇರುವ ಕೆಲಸ ಬಿಡಬೇಡಿ. ಬದಲಿಗೆ ಮ್ಯಾನೇಜರ್ ಹತ್ತಿರ ಮಾತಾಡಿ ಒಂದೇ ಶಿಫ್ಟ್ ಕೊಡಿ ಅಂತ ಕೇಳಿ. ದಿನಾ ಒಂದೇ ಹೊತ್ತಿಗೆ ಒಂದು ಗಂಟೆ ಸಿಕ್ಕರೂ ಓದಿದ್ದು ತಲೆಯಲ್ಲಿ ಉಳಿಯುತ್ತೆ. ವಾರವಾರ ಶಿಫ್ಟ್ ಬದಲಾಗುತ್ತಿದ್ದ ಕಾಲದಲ್ಲಿ ನನಗೆ ಏನೂ ತಲೆಗೆ ಹತ್ತಿರಲಿಲ್ಲ.

ನೀವು ಯಾವ ವಿಭಾಗದಲ್ಲಿದ್ದೀರಿ ಅಂತ ಬರೆದಿಲ್ಲ. ತಿಳಿಸಿ. ಹೌಸ್‌ಕೀಪಿಂಗ್ ಆದ್ರೆ ಯಾರಿಗೆ ಯಾವ ರೂಮು ಅಂತ ಹಂಚುವ ಪಟ್ಟಿ, ಸ್ಟೋರ್ ಆದ್ರೆ ದಾಸ್ತಾನಿನ ಲೆಕ್ಕ, ನಿಮ್ಮ ಮೊದಲ ಪ್ರೋಗ್ರಾಂ ಅದೇ ಆಗಲಿ. ಎಲ್ಲಿಂದ ಶುರು ಮಾಡಬೇಕು ಅಂತ ನಾನೇ ಕೂತು ಬರೆದು ಕೊಡುತ್ತೇನೆ.